ಒಣ ಬಣ್ಣದ ಆಯುಷ್ಯ ನೀರಿನಲ್ಲಿದೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರುಗಳಲ್ಲಿ ಹೊಸ ಮನೆ ಎದ್ದರೆ ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲ ರೇಲಿಂಗು ಬಹುಪಾಲು ಕಬ್ಬಿಣದ್ದೇ. ಬ್ರಷ್ಷಿನಲ್ಲಿ ಬಳಿಯುವ ಆಯಿಲ್ ಪೇಂಟ್ ಬೇಡವೆಂದು ಒಂದಿಷ್ಟು ಹೆಚ್ಚು ದುಡ್ಡು ಕೊಟ್ಟು ಪೌಡರ್ ಕೋಟಿಂಗ್ ಮಾಡಿಸುವವರೂ ಇದ್ದಾರೆ. ಕೆಲವರ ಗೇಟು ವರ್ಷಗಟ್ಟಲೆ ಮಿರುಗುತ್ತದೆ. ಇನ್ನು ಕೆಲವರದ್ದು ಒಂದೆರಡು ಮಳೆಗಾಲಕ್ಕೇ ವೆಲ್ಡಿಂಗಿನ ಸಂದಿಯಲ್ಲಿ ಗುಳ್ಳೆ ಎದ್ದು, ಉಗುರು ತಾಕಿಸಿದರೆ ಪದರವೇ ಎದ್ದು ಬರುತ್ತದೆ. ಪುಡಿ ಕಳಪೆ, ಕೆಲಸಗಾರ ಮೋಸಗಾರ ಎಂದು ಬೈಯುವುದು ವಾಡಿಕೆ. ತಪ್ಪು ಅವರದಲ್ಲ, ಬಣ್ಣಕ್ಕೂ ಮುಂಚೆ ಗೇಟು ತೊಳೆದ ನೀರಿನದಾಗಿರಬಹುದು.

ಪೌಡರ್ ಕೋಟಿಂಗ್ ಎಂದರೆ ಒಣ ಬಣ್ಣ. ಇದರಲ್ಲಿ ಥಿನ್ನರ್ ಇಲ್ಲ, ಟರ್ಪೆಂಟೈನ್ ಇಲ್ಲ. ಜರ್ಮನಿಯ ಎರ್ವಿನ್ ಗೆಮ್ಮರ್ 1950ರ ದಶಕದ ಆರಂಭದಲ್ಲಿ ಇದಕ್ಕೆ ದಾರಿ ಮಾಡಿದರು. ತೊಟ್ಟಿಯ ತಳದಿಂದ ಗಾಳಿ ಊದಿ ಪ್ಲಾಸ್ಟಿಕ್ ಪುಡಿಯನ್ನು ತೇಲಾಡಿಸಿ, ಕಾಯಿಸಿದ ಲೋಹವನ್ನು ಅದರೊಳಗೆ ಅದ್ದುವುದು ಅವರ ವಿಧಾನ. 1960ರ ದಶಕದಲ್ಲಿ ವಿದ್ಯುತ್ ಗನ್ ಬಂತು. ಗನ್ನಿನಿಂದ ಹೊರಡುವ ಪುಡಿಗೆ ಹತ್ತಾರು ಸಾವಿರ ವೋಲ್ಟಿನ ವಿದ್ಯುದಂಶ ಸಿಗುತ್ತದೆ. ಗೇಟಿಗೆ ಅರ್ಥಿಂಗ್ ಕೊಟ್ಟಿರುವುದರಿಂದ ಪುಡಿ ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಓವನ್ನಿನಲ್ಲಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು, ಹದಿನೈದು ನಿಮಿಷ ಬೇಯಿಸಿದರೆ ಪುಡಿ ಕರಗಿ, ಹರಡಿ, ಒಂದೇ ಪದರವಾಗಿ ಗಟ್ಟಿಯಾಗುತ್ತದೆ. ಪದರದ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್.

ನಮ್ಮಲ್ಲಿ ಈ ಪುಡಿ ಬೀಳುವುದು ಗೇಟು, ಅಲ್ಮೇರಾ, ಕುರ್ಚಿಗಳ ಮೇಲೆ. ವಸ್ತು ಯಾವುದಾದರೂ ನಿಯಮ ಒಂದೇ: ಮೈ ಶುದ್ಧವಿಲ್ಲದಿದ್ದರೆ ಪುಡಿ ನಿಲ್ಲದು.

ಪುಡಿ ಹೊಡೆಯುವುದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಅದಕ್ಕೂ ಮುಂಚಿನ ತೊಳೆಯುವ ಕೆಲಸವೇ ದೊಡ್ಡದು. ಈ ಕಸುಬಿನವರು ಅದನ್ನು ಸೆವೆನ್ ಟ್ಯಾಂಕ್ ಪ್ರೋಸೆಸ್ ಎನ್ನುತ್ತಾರೆ. ಮೊದಲ ತೊಟ್ಟಿಯಲ್ಲಿ ಎಣ್ಣೆ, ಗ್ರೀಸು ಬಿಡಿಸಬೇಕು. ನಂತರ ನೀರು. ಮೂರನೆಯದರಲ್ಲಿ ಆಮ್ಲ ತುಕ್ಕು ತಿನ್ನುತ್ತದೆ. ಮತ್ತೆ ನೀರು. ಐದನೆಯದು ಫಾಸ್ಫೇಟಿಂಗ್: ಕಬ್ಬಿಣದ ಮೇಲೆ ಸತು ಫಾಸ್ಫೇಟಿನ ಸಣ್ಣ ಸಣ್ಣ ಹರಳು ಬೆಳೆದು ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ಬಣ್ಣ ಕಚ್ಚಿ ನಿಲ್ಲುವುದು ಈ ಹರಳುಗಳ ನಡುವೆಯೇ. ಆಮೇಲೆ ಮತ್ತೊಮ್ಮೆ ನೀರು. ಕೊನೆಯದು ಪ್ಯಾಸಿವೇಶನ್, ಅಂದರೆ ಆ ಹರಳಿನ ಪದರಕ್ಕೆ ತುಕ್ಕು ತಡೆಯುವ ಲೇಪ. ಏಳು ತೊಟ್ಟಿಗಳಲ್ಲಿ ಮೂರು ಬರೀ ನೀರಿನವು. ಉಳಿದ ನಾಲ್ಕರಲ್ಲೂ ರಾಸಾಯನಿಕ ಕಲಸುವುದು ನೀರಿಗೇ. ಒಣ ಬಣ್ಣದ ಕೆಲಸದ ಬಹುಪಾಲು ಹೀಗೆ ಒದ್ದೆಯಲ್ಲೇ ನಡೆಯುತ್ತದೆ.

ಈಗ ನಮ್ಮ ನೀರಿನ ಕಡೆ ಬರೋಣ. ಕೃಷ್ಣಾ, ಭೀಮಾ ನಡುವಿನ ಈ ಸೀಮೆಯ ಬಹುಭಾಗದಲ್ಲಿ ನೆಲದಡಿ ಇರುವುದು ಕಲ್ಲುಬಂಡೆ. ಬೋರ್‌ವೆಲ್ ನೀರು ಹಲವೆಡೆ ಗಡಸು, ಕೆಲವೆಡೆ ಸವಳು. ಫ್ಲೋರೈಡ್ ಕಾಟವಿರುವ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ನೀರು ಗಡಸೋ ಅಲ್ಲವೋ ಎಂಬುದು ಅಡುಗೆಮನೆಯಲ್ಲೇ ಗೊತ್ತಾಗುತ್ತದೆ: ಎಷ್ಟು ಕುದಿಸಿದರೂ ತೊಗರಿಬೇಳೆ ಕರಗುವುದಿಲ್ಲ. ಬೇಳೆಯನ್ನು ಬೇಯಗೊಡದ ಆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ತೊಟ್ಟಿಯಲ್ಲಿ ಫಾಸ್ಫೇಟನ್ನು ಹಿಡಿದು ತಳದಲ್ಲಿ ಕೆಸರಾಗಿ ಕೂರುತ್ತವೆ. ಕೊಂಡ ರಾಸಾಯನಿಕ ವ್ಯರ್ಥ, ಹರಳಿನ ಪದರವೂ ಒರಟು. ತೊಳೆದ ಕಬ್ಬಿಣ ಒಣಗಿದಾಗ ಬಿಳಿ ಕಲೆ ಉಳಿಯುತ್ತದೆ.

ಸವಳು ನೀರಿನ ಹಾನಿ ಇನ್ನೂ ಆಳದ್ದು. ಅದರಲ್ಲಿರುವ ಕ್ಲೋರೈಡ್ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸಾಗಿಸುವಷ್ಟರಲ್ಲೇ ಕಬ್ಬಿಣಕ್ಕೆ ತುಕ್ಕು ಹಿಡಿಸಬಲ್ಲದು. ತೊಳೆದ ಮೇಲೆ ಉಳಿದ ಉಪ್ಪು ಬಣ್ಣದಡಿ ಸೇರಿಹೋಗುತ್ತದೆ. ಬೆಂದ ಪದರ ಎಷ್ಟೇ ಗಟ್ಟಿಯಿದ್ದರೂ ಗಾಳಿಯ ತೇವವನ್ನು ಪೂರ್ತಿ ತಡೆಯಲಾರದು. ಒಳಗಿನ ಉಪ್ಪು ಆ ತೇವವನ್ನು ಎಳೆದು ಕರಗುತ್ತದೆ, ಮತ್ತಷ್ಟು ನೀರು ಸೆಳೆಯುತ್ತದೆ, ಪದರವನ್ನು ಒಳಗಿನಿಂದ ಎತ್ತುತ್ತದೆ. ಗುಳ್ಳೆ ಏಳುವುದು ಹೀಗೆ. ಗೇಟು ಅಂಗಡಿಯಿಂದ ಹೊರಡುವ ದಿನ ಇದ್ಯಾವುದೂ ಕಣ್ಣಿಗೆ ಬೀಳದು.

ಕುಡಿಯಲು ಬರುವ ನೀರಾದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಸಹ್ಯ. ಲವಣ ಹೆಚ್ಚಿದಷ್ಟೂ ನೀರಿನ ವಿದ್ಯುತ್ ವಾಹಕತೆ ಹೆಚ್ಚು: ಲೀಟರಿಗೆ 500 ಮಿಲಿಗ್ರಾಂ ಲವಣವಿರುವ ನೀರಿನದು ಸೆಂಟಿಮೀಟರಿಗೆ ಸುಮಾರು 700ರಿಂದ 1000 ಮೈಕ್ರೋಸೀಮೆನ್ಸ್. ಕಟ್ಟಡಗಳ ಅಲ್ಯುಮಿನಿಯಂಗೆ ಬಣ್ಣ ಹಾಕುವವರಿಗೆ ಯುರೋಪಿನ ಕ್ವಾಲಿಕೋಟ್ ಸಂಸ್ಥೆ ಹಾಕಿದ ಷರತ್ತು ನೋಡಿ: ಕೊನೆಯ ತೊಳೆತದ ನಂತರ ವಸ್ತುವಿನಿಂದ ತೊಟ್ಟಿಕ್ಕುವ ನೀರಿನ ವಾಹಕತೆ 30 ಮೀರಬಾರದು. ನಮ್ಮ ಗಂಟಲು ಒಪ್ಪುವ ನೀರನ್ನೂ ಬಣ್ಣ ಒಪ್ಪದು.

ಹಾಗಾದರೆ ದಾರಿ? ಹಲವರು ಸಾಫ್ಟ್‌ನರ್ ಕೂರಿಸಿ ನಿಶ್ಚಿಂತರಾಗುತ್ತಾರೆ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಗಡಸುತನ ಹೋಗುತ್ತದೆ, ಲವಣದ ಒಟ್ಟು ಮೊತ್ತ ಇಳಿಯುವುದಿಲ್ಲ. ಕೊನೆಯ ತೊಳೆತಕ್ಕೆ ಆರ್‌ಒ ನೀರು ಅಥವಾ ರಾಳದ ಕಂಬಗಳಲ್ಲಿ ಹಾಯಿಸಿ ಲವಣ ತೆಗೆದ ಡಿಎಂ ನೀರೇ ಆಗಬೇಕು. ಆರ್‌ಒ ಹೊರಹಾಕುವ ನೀರು ತೀರಾ ಸವಳಾಗಿರದಿದ್ದರೆ ಮೊದಲ ತೊಳೆತಕ್ಕೆ ಬಳಸಿಕೊಳ್ಳಬಹುದು. ತಗಡಿನ ಚಾವಣಿಯ ಮಳೆನೀರು ಪುಕ್ಕಟೆ ಸಿಗುವ ಮೃದು ನೀರು. ಮೊದಲ ಮಳೆಯದನ್ನು ಹೊರಬಿಟ್ಟು, ಸೋಸಿ ಹಿಡಿದಿಟ್ಟರೆ ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸಿಗುವಲ್ಲೂ ಅದರ ಮಣ್ಣು ತಿಳಿಯಾಗಿಸಿ, ಲವಣ ಅಳೆದೇ ಬಳಸಬೇಕು.

ನೀರು ಕೆಡಿಸುವುದಷ್ಟೇ ಅಲ್ಲ, ಪರೀಕ್ಷೆಗೂ ಒದಗುತ್ತದೆ. ತೊಳೆದ ಕಬ್ಬಿಣದ ಮೇಲೆ ನೀರು ಒಂದೇ ತೆರೆಯಾಗಿ ಹರಡಿದರೆ ಎಣ್ಣೆ ಹೋಗಿದೆ ಎಂದರ್ಥ. ಹನಿ ಹನಿಯಾಗಿ ಒಡೆದು ನಿಂತರೆ ಮತ್ತೆ ಮೊದಲ ತೊಟ್ಟಿಗೆ. ತೊಳೆತ ಸರಿಯಿದ್ದರೂ, ಗನ್ನಿಗೆ ಪುಡಿ ಒಯ್ಯುವ ಕಂಪ್ರೆಸರಿನ ಗಾಳಿಯಲ್ಲಿ ತೇವ ಬೆರೆತಿದ್ದರೆ ಪುಡಿ ಗಂಟು ಕಟ್ಟುತ್ತದೆ.

ಬಳಸಿದ ನೀರಿನ ಲೆಕ್ಕವೂ ಇದೆ. ಆಮ್ಲದ ನೀರು ಚರಂಡಿಗೆ ಹೋದರೆ ಹೊಲ, ಹಳ್ಳ ಸೇರುತ್ತದೆ. ಫಾಸ್ಫೇಟ್ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಅದನ್ನು ಬೇರೆಯಾಗಿ ಕೂಡಿಟ್ಟು ಅಧಿಕೃತವಾಗಿ ವಿಲೇವಾರಿ ಮಾಡಬೇಕು.

ಗೇಟು ಮಾಡಿಸುವವರು ಬಣ್ಣದ ಪಟ್ಟಿ ನೋಡಿ ಆರಿಸುವುದರ ಜೊತೆಗೆ ಎರಡು ಪ್ರಶ್ನೆ ಕೇಳಬೇಕು: ಕೊನೆಯ ತೊಳೆತಕ್ಕೆ ಯಾವ ನೀರು? ಅದನ್ನು ಅಳೆಯುವ ಮೀಟರ್ ಇದೆಯೇ? ಕರಗಿದ ಲವಣ ಅಳೆಯುವ, ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕ ಟಿಡಿಎಸ್ ಮೀಟರಿನ ಬೆಲೆ ಒಂದು ಗೇಟಿಗೆ ಮತ್ತೆ ಬಣ್ಣ ಹಾಕಿಸುವ ಖರ್ಚಿಗಿಂತ ಬಹಳ ಕಡಿಮೆ. ಗಿರಾಕಿಗಳು ಕೇಳತೊಡಗಿದರೆ ಅಂಗಡಿಯವರೂ ಅಳೆಯತೊಡಗುತ್ತಾರೆ.