ಮಗು ಚೇತರಿಸಿಕೊಂಡಿದೆ, ಔಷಧ ಇನ್ನೂ ಏಕೆ?

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾಯಿತು. ಊರಿನಿಂದ ಯಾರಾದರೂ ಕಾಯಿಲೆಯ ಮಗುವನ್ನು ಅಲ್ಲಿಗೆ ಕರೆತಂದರೆ, ದಾರಿ ತೋರಿಸಲು ಮುಂಬಯಿಯಲ್ಲಿರುವ ನಮ್ಮವರೊಬ್ಬರು ಜೊತೆಗೆ ಹೋಗಬೇಕಾಗುತ್ತದೆ. ಆಗ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದುಂಟು: “ತಿಂಗಳೊಳಗೆ ಜ್ವರ ಬಿಟ್ಟಿತು, ಮಗು ಆಡುತ್ತಿದೆ. ರಕ್ತದಲ್ಲಿ ರೋಗ ಕಾಣುತ್ತಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ. ಇನ್ನೂ ಎರಡು ವರ್ಷ ಔಷಧ ಏಕೆ?” ರಜೆ ಮುಗಿದಿದೆ, ಸಾಲ ಬೆಳೆದಿದೆ, ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಈ ರೋಗದ ಸಂಶೋಧನೆಯ ಚರಿತ್ರೆಯಲ್ಲಿದೆ.

ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರೇ, ಅಂದರೆ ಲ್ಯುಕೀಮಿಯಾವೇ, ಹೆಚ್ಚು. ರಕ್ತಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿ ಬಲಿಯದ ಬಿಳಿಯ ಕಣಗಳು ಮಿತಿಮೀರಿ ಬೆಳೆದು, ಒಳ್ಳೆಯ ಕಣಗಳಿಗೆ ಎಡೆಯಿಲ್ಲದಂತೆ ಮಾಡುತ್ತವೆ. ಮಗು ಬಿಳಿಚಿಕೊಳ್ಳುತ್ತದೆ, ಜ್ವರ ಬಿಡುವುದಿಲ್ಲ, ವಸಡಿನಲ್ಲಿ ರಕ್ತ ಒಸರುತ್ತದೆ.

1947ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಸಿಡ್ನಿ ಫಾರ್ಬರ್ ಎಂಬವರು ಇಂಥ ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧವನ್ನು ಕೊಟ್ಟು ನೋಡಿದರು. ಅದನ್ನು ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹದಿನಾರು ಮಕ್ಕಳಲ್ಲಿ ಹತ್ತು ಮಂದಿ ಚೇತರಿಸಿಕೊಂಡರು. ಆದರೆ ಕೆಲವೇ ತಿಂಗಳಲ್ಲಿ ರೋಗ ಮರಳಿ ಬಂದಿತು. ಒಂದೇ ಔಷಧ ಸಾಲದು ಎಂಬುದು ಮೊದಲನೆಯ ಪಾಠ.

1960ರ ದಶಕದ ಆರಂಭದಲ್ಲಿ ಡಾ. ಎಮಿಲ್ ಫ್ರೈ, ಡಾ. ಎಮಿಲ್ ಫ್ರೈರೈಕ್ ಮತ್ತು ಅವರ ಸಂಗಡಿಗರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟರು. ಅವುಗಳಲ್ಲೊಂದು, ವಿನ್‌ಕ್ರಿಸ್ಟೀನ್, ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಮರಾಠಿಯವರು ಇದನ್ನು ಸದಾಫುಲಿ ಎನ್ನುತ್ತಾರೆ. ರಕ್ತವೇನೋ ಶುದ್ಧವಾಯಿತು, ಆದರೆ ಅನೇಕ ಮಕ್ಕಳಲ್ಲಿ ರೋಗ ಮೆದುಳಿನಲ್ಲಿ ತಲೆಯೆತ್ತಿತು. ರಕ್ತಕ್ಕೆ ಸೇರಿದ ಔಷಧ ಅಲ್ಲಿಗೆ ಸರಿಯಾಗಿ ತಲಪುತ್ತಿರಲಿಲ್ಲ. ಇದು ಎರಡನೆಯ ಪಾಠ.

1962ರಲ್ಲಿ ಮೆಂಫಿಸ್ ನಗರದಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯ ಡಾ. ಡೊನಾಲ್ಡ್ ಪಿಂಕೆಲ್ ಮೆದುಳಿಗೂ ಚಿಕಿತ್ಸೆ ಕೊಟ್ಟು, ಔಷಧಗಳನ್ನು ವರ್ಷಗಟ್ಟಲೆ ಮುಂದುವರಿಸಿದರು. 1967ರ ಕೊನೆಯಲ್ಲಿ ಆರಂಭವಾದ ಅವರ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಗುಣ ಹೊಂದಿದರು.

ಇಷ್ಟು ಕಾಲ ಔಷಧ ಏಕೆಂಬುದಕ್ಕೆ ಲೆಕ್ಕವಿದೆ. ರೋಗ ಪತ್ತೆಯಾದಾಗ ದೇಹದಲ್ಲಿ ಸುಮಾರು ಲಕ್ಷ ಕೋಟಿ ರೋಗಕಣಗಳಿರುತ್ತವೆ. ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ ಸಾವಿರ ಕೋಟಿ ಉಳಿಯುತ್ತವೆ. ಸೂಕ್ಷ್ಮದರ್ಶಕಕ್ಕೆ ಅವು ಸಿಕ್ಕುವುದು ಕಷ್ಟ. ಮಗುವೂ ಆರೋಗ್ಯವಾಗಿಯೇ ಕಾಣುತ್ತದೆ. ಕಳೆಯನ್ನು ಮೇಲೆ ಕೊಯ್ದು ಬೇರನ್ನು ಬಿಟ್ಟ ಹೊಲದಂತೆ ಇದು. ಮರಳಿ ಬಂದ ರೋಗವನ್ನು ಗುಣಪಡಿಸುವುದು ಮೊದಲಿಗಿಂತ ಬಹಳ ಕಷ್ಟ.

“ಪ್ರಯೋಗ” ಎಂಬ ಮಾತಿಗೂ ಹೆದರಬೇಕಾದುದಿಲ್ಲ. ಈಗ ತಿಳಿದಿರುವ ಉತ್ತಮ ಚಿಕಿತ್ಸೆಯನ್ನೂ ಅದಕ್ಕಿಂತ ಮೇಲಾಗಬಹುದೆಂಬ ಚಿಕಿತ್ಸೆಯನ್ನೂ ಹೋಲಿಸಿ ನೋಡುವುದೇ ಸಾಮಾನ್ಯವಾದ ಕ್ರಮ. ತಂದೆತಾಯಿಗಳ ಲಿಖಿತ ಒಪ್ಪಿಗೆ ಬೇಕು; ಒಪ್ಪದಿದ್ದರೂ ಚಿಕಿತ್ಸೆ ನಿಲ್ಲಬಾರದೆಂಬುದು ನಿಯಮ. ಮೆದುಳಿಗೆ ಕೊಡುತ್ತಿದ್ದ ಕಿರಣಗಳಿಂದ ಮಕ್ಕಳ ಕಲಿಕೆಗೆ ತೊಂದರೆಯೆಂದು ಕಂಡುಬಂದಾಗ, ಬೆನ್ನುಹುರಿಯ ದ್ರವಕ್ಕೆ ಔಷಧ ಕೊಟ್ಟರೆ ಹೆಚ್ಚಿನ ಮಕ್ಕಳಿಗೆ ಸಾಕೆಂದು ತೋರಿಸಿದ್ದೂ ಇಂಥ ಪ್ರಯೋಗಗಳೇ. ಇಂದು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಆ ಪ್ರಮಾಣ ಕಡಿಮೆಯಿರಲು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದೂ ಒಂದು ಕಾರಣ.

ಎರಡು ವರ್ಷವೆಂದರೆ ಎರಡು ವರ್ಷವೂ ಆಸ್ಪತ್ರೆಯ ವಾಸವಲ್ಲ. ಮೊದಲ ಕೆಲವು ತಿಂಗಳು ಕಠಿಣವಾದುವು. ಆಮೇಲಿನ ಔಷಧ ಬಹುಮಟ್ಟಿಗೆ ಮನೆಯಲ್ಲಿ ನುಂಗುವ ಮಾತ್ರೆ, ನಡುನಡುವೆ ಪರೀಕ್ಷೆ. ಊರಿಗೆ ಮರಳಲೇಬೇಕಾದರೆ ಹೇಳದೆ ಹೋಗಬಾರದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ಚಿಕಿತ್ಸೆ ಮುಂದುವರಿಸಲು ಸಾಧ್ಯವೇ ಎಂದು ಡಾಕ್ಟರನ್ನು ಕೇಳಿ, ಕಾಗದಪತ್ರಗಳನ್ನೆಲ್ಲ ಜೊತೆಗೆ ಒಯ್ಯಬೇಕು. ಹಣದ ಅಡಚಣೆಯನ್ನು ಆಸ್ಪತ್ರೆಯ ಸಮಾಜಸೇವಕರಿಗೆ ತಿಳಿಸಬೇಕು. ಔಷಧ ನಡೆಯುತ್ತಿರುವಾಗ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಊರಿನವರ ಜೊತೆಗೆ ಹೋಗುವ ನಮ್ಮ ವಾಚಕರು ದಾರಿ ತೋರಿಸುವುದರೊಂದಿಗೆ ಇದಿಷ್ಟನ್ನೂ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದರೆ, ಒಂದು ಮಗುವಿನ ಜೀವ ಉಳಿದೀತು.