ಬ್ರೇಕ್ ಹಿಡಿದಾಗ ಹ್ಯಾಂಡಲ್ ಕೆಳಗೆ ‘ಟಕ್’ ಅನ್ನುತ್ತಾ?

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಬೈಕಲ್ಲಿ ಓಡಾಡುವವರೇ, ಮಳೆಗಾಲ ಮುಗಿದ ಕೂಡಲೇ ಇದೊಂದು ನೋಡಿಬಿಡಿ. ಹ್ಯಾಂಡಲ್ ತಿರುಗುವುದು ಎರಡು ಬೇರಿಂಗ್‌ಗಳ ಮೇಲೆ, ಫ್ರೇಮಿನ ಕುತ್ತಿಗೆಯ ಮೇಲೊಂದು, ಕೆಳಗೊಂದು. ಮುಂದಿನ ಚಕ್ರ ಎರಚುವ ಕೆಂಪು ಕೆಸರು ಮೊದಲು ತಾಗುವುದು ಕೆಳಗಿನದಕ್ಕೆ.

ಡಬಲ್ ಸ್ಟ್ಯಾಂಡ್ ಹಾಕಿ. ಹಿಂದೆ ಒಬ್ಬರು ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಲಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕುತ್ತಿಗೆಯ ಸಂದಿನಲ್ಲಿ ಬೆರಳಿಟ್ಟರೆ ಸಡಿಲ ಗೊತ್ತಾಗುತ್ತೆ. ಅಲ್ಲಿ ಅಲುಗದೆ ಕೆಳಗೆ ಮಾತ್ರ ಅಲುಗಿದರೆ ಫೋರ್ಕಿನ ಬುಷ್ ಸವೆದಿರಬಹುದು.

ಈಗ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ, ನೇರ ಇರುವ ಕಡೆ, ಹಲ್ಲು ಕಚ್ಚಿದಂತೆ ನಿಲ್ಲುತ್ತಾ? ಹಾಗಾದರೆ ಬೇರಿಂಗಿನ ಗುಂಡುಗಳು ಕಪ್‌ನಲ್ಲಿ ಗುಳಿ ಮಾಡಿವೆ. ಬಿಗಿ ಮಾಡಿ ಪ್ರಯೋಜನವಿಲ್ಲ, ಇಡೀ ಸೆಟ್ ಬದಲಾಯಿಸಲೇಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಯೆಜ್ಡಿಯಲ್ಲಿ ಇರುವುದು ಬಿಡಿ ಗುಂಡುಗಳು. ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಿ.

ಬರೀ ಸಡಿಲವಿದ್ದರೆ? ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಮೇಲಿನ ದೊಡ್ಡ ನಟ್ಟು, ಹ್ಯಾಂಡಲ್ ಕೆಳಗಿನ ಮೇಲ್ಪಟ್ಟಿಗೆ ಫೋರ್ಕನ್ನು ಬಿಗಿದಿರುವ ಬೋಲ್ಟು, ಎರಡನ್ನೂ ಸಡಿಲಿಸಿ. ಒಳಗಿನ ಕಚ್ಚುಗಳಿರುವ ನಟ್ಟನ್ನು ಸಿ-ಸ್ಪ್ಯಾನರಿನಲ್ಲಿ ಚೂರೇ ಚೂರು ಬಿಗಿಯಾಗುವಂತೆ ತಿರುಗಿಸಿ, ಸುತ್ತಿನ ಎಂಟನೇ ಒಂದು ಭಾಗ ಸಾಕು. ಮೇಲಿನ ನಟ್ಟು, ಬೋಲ್ಟು ಬಿಗಿದ ಮೇಲೆ ಮತ್ತೆ ಪರೀಕ್ಷಿಸಿ. ಆ ಬಿಗಿಯೇ ಬೇರಿಂಗನ್ನು ಇನ್ನಷ್ಟು ಒತ್ತುತ್ತೆ.

ಸಡಿಲವೂ ಇರಬಾರದು, ಬೆರಳಲ್ಲಿ ತಳ್ಳಿದರೆ ಹ್ಯಾಂಡಲ್ ತಾನೇ ಪಕ್ಕಕ್ಕೆ ವಾಲಬೇಕು. ಅತಿ ಬಿಗಿ ಮಾಡಿದರೆ ನಿಧಾನ ಹೋಗುವಾಗ ಬೈಕ್ ಓಲಾಡುತ್ತೆ, ಬೇರಿಂಗೂ ಬೇಗ ಹಾಳು. ಸರ್ವಿಸ್‌ಗೆ ಬಿಟ್ಟಾಗ ಈ ಜಾಗಕ್ಕೆ ಗ್ರೀಸ್ ಹಾಕಿ ಅಂತ ಬಾಯಿಬಿಟ್ಟು ಕೇಳಿ.