ಹೂವಷ್ಟೇ ಸಾಲದು, ಎಲೆಯೂ ಬೇಕು

ಕಾನಹೊಸಹಳ್ಳಿ, ಕೂಡ್ಲಿಗಿ ಸೀಮೆಯಲ್ಲಿ ಎಕ್ಕದ ಗಿಡವನ್ನು ಯಾರೂ ನೆಡುವುದಿಲ್ಲ. ಅದು ತಾನಾಗಿ ಹುಟ್ಟುತ್ತದೆ. ಹಿತ್ತಲಲ್ಲಿ ಕಂಡರೆ ಕಳೆಯೆಂದು ಕಿತ್ತು, ಆ ಜಾಗದಲ್ಲಿ ಹೊರದೇಶದ ಅಲಂಕಾರದ ಗಿಡ ನೆಡುವವರೇ ಹೆಚ್ಚು. ತೋಟ ಅಂದವಾಗುತ್ತದೆ, ಚಿಟ್ಟೆಗಳು ಮಾತ್ರ ಕಡಿಮೆಯಾಗುತ್ತವೆ. ಹೀಗೇಕೆ?

ಚಿಟ್ಟೆ ಹಲವು ಬಗೆಯ ಹೂಗಳ ಮಕರಂದ ಹೀರಬಲ್ಲದು. ಅದರ ಮರಿಹುಳು ಹಾಗಲ್ಲ. ಕೆಲವೇ ಗಿಡಗಳ ಎಲೆ ಅದಕ್ಕೆ ಆಹಾರ. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ ಚಿಟ್ಟೆಯೊಂದು ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಪಟ್ಟೆಪಟ್ಟೆಯ ಮರಿಹುಳು ಎಲೆ ತಿನ್ನುತ್ತಾ ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ಕೂಡಿಡಬಲ್ಲದು. ಚಿಟ್ಟೆಯಾದ ಮೇಲೂ ಈ ವಿಷ ಉಳಿಯುವುದರಿಂದ, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗದು.

ಹಳದಿ ಹೂವಿನ ತಂಗಡಿ ಇನ್ನೊಂದು ಬಗೆಯ ಚಿಟ್ಟೆಯ ತೊಟ್ಟಿಲು. ನಿಂಬೆ, ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದೂ ಮರಿಹುಳುವೇ ಇರಬಹುದು. ಶತ್ರುಗಳ ಕಣ್ಣು ತಪ್ಪಿಸಲು ಅದಕ್ಕೆ ಆ ವೇಷ. ಗುಬ್ಬಚ್ಚಿ ತನ್ನ ಮರಿಗಳಿಗೆ ಉಣಿಸುವುದೂ ಹೆಚ್ಚಾಗಿ ಹುಳುಗಳನ್ನೇ. ಹುಳುವಿಲ್ಲದ ತೋಟದಲ್ಲಿ ಗುಬ್ಬಿಮರಿಗೆ ಊಟವಿಲ್ಲ.

ಮನೆ ಅಥವಾ ಶಾಲೆಯ ಅಂಗಳದ ಒಂದು ಮೂಲೆಯನ್ನು ಇಂಥ ಗಿಡಗಳಿಗೆ ಬಿಡಬಹುದು. ತಂಗಡಿ, ಎಕ್ಕ ಬಯಲುಸೀಮೆಯ ಬಿಸಿಲಿಗೆ ಒಗ್ಗಿದವು. ಬೇರೂರಿದ ಮೇಲೆ ಹೆಚ್ಚು ನೀರು ಬೇಡವು. ಆ ಮೂಲೆಗೆ ಕೀಟನಾಶಕ ಸಿಂಪಡಿಸಬಾರದು. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿ. ಆದ್ದರಿಂದ ಮಕ್ಕಳು ಗಿಡ ಮುರಿಯದೆ, ದೂರದಿಂದಲೇ ನೋಡಬೇಕು.

ಎಲೆ ತೂತಾಗಿದ್ದರೆ ಗಾಬರಿ ಬೇಡ. ಅಲ್ಲೊಂದು ಚಿಟ್ಟೆ ಬೆಳೆಯುತ್ತಿರಬಹುದು.